ಮೊದಲು ವಾರ್ಡ್, ಆಮೇಲೆ ರಿಟ್ರೀಟ್

"ಗಂಡನನ್ನು ರಿಟ್ರೀಟ್‌ಗೆ ಕಳಿಸಲಾ ಮೇಡಂ, ಆಸ್ಪತ್ರೆಗೆ ಸೇರಿಸಲಾ?" ಮಂಗಳೂರಿನಲ್ಲಿ ಕುಡಿತ ಬಿಡಿಸುವ ಕೆಲಸದಲ್ಲಿರುವ ನನ್ನ ಹತ್ತಿರ ಕ್ರೈಸ್ತ ಮನೆಗಳ ಹೆಂಗಸರು ಬಂದು ಕೂತರೆ ಮೊದಲು ಕೇಳುವುದು ಇದನ್ನೇ. ರಿಟ್ರೀಟ್ ಅಂದರೆ ಕೆಲವು ದಿನ ಅಲ್ಲೇ ಉಳಿದು ಪ್ರಾರ್ಥನೆ, ಪ್ರವಚನದಲ್ಲಿ ಕಳೆಯುವ ಶಿಬಿರ. ಇದರ ಹಿಂದೆ ಇನ್ನೊಂದು ಪ್ರಶ್ನೆಯೂ ಇರುತ್ತದೆ, ಅದನ್ನು ಬಾಯಿಬಿಟ್ಟು ಕೇಳುವುದಿಲ್ಲ. ಆಸ್ಪತ್ರೆಗೆ ಸೇರಿಸಿದರೆ ನಮಗೆ ದೇವರ ಮೇಲೆ ನಂಬಿಕೆ ಕಮ್ಮಿ ಅಂತಾಗುತ್ತದಾ?

ಇಲ್ಲ. ನಾನೂ ಭಾನುವಾರ ಪೂಜೆಗೆ ಹೋಗುವವಳೇ. ವಿಶ್ವಾಸ ಮನುಷ್ಯನನ್ನು ವಾಸಿ ಮಾಡುವುದನ್ನು, ಅಷ್ಟೇ ಅಲ್ಲ, ಬೇರೆಯೇ ಮನುಷ್ಯನನ್ನಾಗಿ ಮಾಡುವುದನ್ನು ಕೆಲಸದಲ್ಲಿ ಕಣ್ಣಾರೆ ಕಂಡಿದ್ದೇನೆ. ಆದರೆ ಅದಕ್ಕೊಂದು ಸರದಿ ಇದೆ. ಮೊದಲ ವಾರ ದೇಹದ್ದು, ಡಾಕ್ಟರದ್ದು. ಆಮೇಲಿನ ವರ್ಷಗಳಲ್ಲಿ ವಿಶ್ವಾಸಕ್ಕೆ ಕೈತುಂಬಾ ಕೆಲಸ. ಈ ಸರದಿ ಅದಲು ಬದಲಾದರೆ ಜೀವವೇ ಹೋಗಬಹುದು.

ಯಾಕೆ ಅಂತ ಕೇಳಿ. ಮದ್ಯ ಮೆದುಳನ್ನು ಮಂಕು ಮಾಡುತ್ತದೆ. ವರ್ಷಗಟ್ಟಲೆ ದಿನಾ ಕುಡಿದವನ ಮೆದುಳು ಆ ಮಂಕಿಗೆ ಎದುರಾಗಿ ತನ್ನ ವೇಗ ಏರಿಸಿಕೊಂಡೇ ಬದುಕುತ್ತಿರುತ್ತದೆ. ಒಮ್ಮೆಲೇ ಕುಡಿತ ನಿಲ್ಲಿಸಿದರೆ ವೇಗ ಹಾಗೇ ಉಳಿಯುತ್ತದೆ, ತಡೆಯುವುದಕ್ಕೆ ಏನೂ ಇರುವುದಿಲ್ಲ. ಕೊನೆಯ ಪೆಗ್ ಆಗಿ ಆರೆಂಟು ಗಂಟೆಗೆ ಕೈನಡುಕ, ಬೆವರು, ಎದೆ ಹೊಡೆದುಕೊಳ್ಳುವುದು ಶುರು. ಕೆಲವರಿಗೆ ಮೊದಲ 48 ಗಂಟೆಯೊಳಗೆ ಫಿಟ್ಸ್ ಬರುತ್ತದೆ. ಇನ್ನು ಕೆಲವರಿಗೆ ಎರಡು ಮೂರು ದಿನ ಕಳೆದ ಮೇಲೆ ಡೆಲಿರಿಯಮ್ ಟ್ರೆಮೆನ್ಸ್, ಅಂದರೆ ಎಲ್ಲಿದ್ದೇನೆ ಅಂತಲೇ ತಿಳಿಯದ ಸ್ಥಿತಿ. ಗೋಡೆಯ ಮೇಲೆ ಹುಳ ಹರಿದ ಹಾಗೆ ಕಾಣುತ್ತದೆ, ಯಾರೋ ಕೊಲ್ಲಲು ಬಂದ ಹಾಗೆ ಕೇಳುತ್ತದೆ, ಜ್ವರ ಏರುತ್ತದೆ. ಚಿಕಿತ್ಸೆ ಸಿಗದಿದ್ದರೆ ಇದರಿಂದ ಸಾಯುವವರಿದ್ದಾರೆ.

ಈಗ ರಿಟ್ರೀಟ್‌ನ ಲೆಕ್ಕ ನೋಡಿ. ಭಾನುವಾರ ಸಂಜೆ ಹೋಗಿ ಸೇರಬೇಕು, ಶುಕ್ರವಾರ ವಾಪಸ್. ನಾನು ಕಂಡ ಹಲವರ ಕಥೆಯನ್ನು ಒಬ್ಬನದ್ದಾಗಿ ಹೇಳುತ್ತೇನೆ. ಇವನು ಗಲ್ಫ್‌ನಿಂದ ವಾಪಸ್ ಬಂದ ಮೇಲೆ ಬೆಳಿಗ್ಗೆಯಿಂದಲೇ ಕುಡಿಯುತ್ತಾನೆ. ಹೆಂಡತಿ, ಅಮ್ಮ, ವಾಡೆಯ ಗುರ್ಕಾರ (ಇಗರ್ಜಿಯ ಕಡೆಯಿಂದ ಆ ಕೇರಿಯ ಮುಖಂಡ) ಎಲ್ಲ ಸೇರಿ ಒಪ್ಪಿಸಿದ್ದಾರೆ. ಹೊರಡುವ ಮುನ್ನ "ಇದೇ ಕೊನೆ" ಅಂತ ಒಂದು ಕ್ವಾರ್ಟರ್ ಏರಿಸಿ ಬಸ್ ಹತ್ತಿದ್ದಾನೆ. ಸೋಮವಾರ ಕೈ ನಡುಗುತ್ತದೆ. ಜಪಸರ ಹಿಡಿಯಲು ಆಗುವುದಿಲ್ಲ, ಪಕ್ಕದವರು ಪಶ್ಚಾತ್ತಾಪ ಅಂದುಕೊಳ್ಳುತ್ತಾರೆ. ಮಂಗಳವಾರ ರಾತ್ರಿ ಎದ್ದು ಕಿರುಚುತ್ತಾನೆ, ಹಾಸಿಗೆಯ ಮೇಲಿಂದ ಏನನ್ನೋ ಕೊಡವುತ್ತಾನೆ, ಶಿಲುಬೆ ಹತ್ತಿರ ತಂದರೆ ದೂಡುತ್ತಾನೆ. ಅಲ್ಲಿದ್ದವರಿಗೆ ಏನನ್ನಿಸುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಹತ್ತು ಜನ ಸುತ್ತ ನಿಂತು ತಲೆಯ ಮೇಲೆ ಕೈಯಿಟ್ಟು ಗಟ್ಟಿಯಾಗಿ ಪ್ರಾರ್ಥಿಸುತ್ತಾರೆ, ದೆವ್ವ ಬಿಟ್ಟುಹೋಗುತ್ತಿದೆ ಅಂತ. ಅವನಿಗೆ ಆಗ ಬೇಕಾಗಿದ್ದದ್ದು ಮೆದುಳನ್ನು ಶಾಂತ ಮಾಡುವ ಡಯಾಜೆಪಾಮ್ ಔಷಧಿ, ಬಿ1 ವಿಟಮಿನ್‌ನ ಇಂಜೆಕ್ಷನ್, ಬಿ.ಪಿ. ನೋಡುವ ಒಬ್ಬ ನರ್ಸ್.

ಅಲ್ಲಿ ಯಾರೂ ಕೆಟ್ಟವರಲ್ಲ. ಗೊತ್ತಿಲ್ಲದವರು, ಅಷ್ಟೇ. ಹಾಗಂತ ಇದು ಸಭೆಯ, ಅಂದರೆ ಚರ್ಚ್‌ನ, ಬೋಧನೆಯೂ ಅಲ್ಲ. ಕಥೋಲಿಕ ಸಭೆಯ ಧರ್ಮೋಪದೇಶ ಗ್ರಂಥವೇ ಹೇಳುವ ಪ್ರಕಾರ, ಭೂತೋಚ್ಚಾಟನೆಗೆ ಮೊದಲು ಇದು ಕಾಯಿಲೆಯಲ್ಲ ಅಂತ ಖಚಿತ ಮಾಡಿಕೊಳ್ಳಬೇಕು. ಅದೂ ಬಿಷಪರ ಅನುಮತಿ ಪಡೆದ ಗುರುಗಳು ಮಾತ್ರ ಮಾಡಬಹುದು. ರಿಟ್ರೀಟ್ ಮನೆಗಳಲ್ಲಿ ಹೆಸರು ಬರೆಸುವಾಗ ಊರು, ಧರ್ಮಕೇಂದ್ರ ಎಲ್ಲ ಕೇಳುತ್ತಾರಲ್ವಾ, "ಕೊನೆಯ ಸಲ ಕುಡಿದದ್ದು ಯಾವಾಗ, ದಿನಾ ಎಷ್ಟು?" ಅಂತ ಇನ್ನೆರಡು ಪ್ರಶ್ನೆ ಸೇರಿಸಿದರೆ ಎಷ್ಟೋ ಜೀವ ಉಳಿಯುತ್ತದೆ.

ಔಷಧಿಗೂ ವಿಶ್ವಾಸಕ್ಕೂ ಜಗಳ ಹಚ್ಚಿದ್ದು ಬೈಬಲ್ ಅಂತೂ ಅಲ್ಲ. ಎಲೀಯನ ಕಥೆ ನೆನಪಿಸಿಕೊಳ್ಳಿ, 1 ಅರಸುಗಳು 19. ಪ್ರವಾದಿ ಸೋತು ಒಂದು ಗಿಡದ ಕೆಳಗೆ ಬಿದ್ದು "ಸಾಕು ದೇವರೇ, ನನ್ನ ಪ್ರಾಣ ತೆಗೆದುಕೋ" ಅನ್ನುತ್ತಾನೆ. ದೇವದೂತ ಬಂದು ಉಪದೇಶ ಮಾಡುವುದಿಲ್ಲ. ರೊಟ್ಟಿ, ನೀರು ಇಟ್ಟು ಎಬ್ಬಿಸುತ್ತಾನೆ. ಎಲೀಯ ತಿಂದು ಮತ್ತೆ ಮಲಗುತ್ತಾನೆ. ಇನ್ನೊಮ್ಮೆ ಎಬ್ಬಿಸಿ ಇನ್ನೊಮ್ಮೆ ಊಟ. ದೇವರ ಮೆಲುದನಿ ಕೇಳುವುದು ಇದೆಲ್ಲ ಆಗಿ 40 ದಿನ ನಡೆದು ಬೆಟ್ಟ ಮುಟ್ಟಿದ ಮೇಲೆ. ನಮ್ಮ ಕಡೆಯ ಚರಿತ್ರೆಯನ್ನೇ ನೋಡಿ. ಕಂಕನಾಡಿಯಲ್ಲಿ 1880ರಲ್ಲಿ ಔಷಧಿ ಕೊಡಲು ಶುರು ಮಾಡಿದ ಫಾದರ್ ಮುಲ್ಲರ್ ಜೆಸ್ವಿತ್ ಗುರು. ಉಡುಪಿಯಲ್ಲಿ 1923ರಲ್ಲಿ ಆಸ್ಪತ್ರೆ ತೆರೆದ ಡಾ. ಇವಾ ಲೊಂಬಾರ್ಡ್ ಬಾಸೆಲ್ ಮಿಶನ್‌ನವರು. ಪ್ರಾರ್ಥನೆ ಸಾಕು ಅಂತಿದ್ದರೆ ಇವರು ಇಷ್ಟೆಲ್ಲ ಕಷ್ಟಪಡುತ್ತಿದ್ದರಾ?

ಸರಿ, ವಾರ್ಡಿನಿಂದ ಹೊರಗೆ ಬಂದ. ಕೈನಡುಕ ನಿಂತಿದೆ, ಊಟ ಸೇರುತ್ತಿದೆ. ಮನೆಯವರು "ಸರಿಯಾದ" ಅಂದುಕೊಳ್ಳುತ್ತಾರೆ. ನಿಜವಾದ ಕೆಲಸ ಇನ್ನೂ ಶುರುವೇ ಆಗಿಲ್ಲ. ಕುಡಿತ ದೇಹದಿಂದ ಇಳಿಯಲು ಒಂದು ವಾರ ಸಾಕು, ತಲೆಯಿಂದ ಇಳಿಯಲು ವರ್ಷಗಳು ಬೇಕು. ಸಂಜೆ ಆರು ಗಂಟೆಗೆ ಎಲ್ಲಿಗೆ ಹೋಗಬೇಕು, ಯಾರ ಜೊತೆ ಕೂರಬೇಕು, ಮಾಡಿದ ಅನ್ಯಾಯಗಳ ನೆನಪು ರಾತ್ರಿ ಎದೆಯ ಮೇಲೆ ಕೂತರೆ ಏನು ಮಾಡಬೇಕು ಅನ್ನುವುದಕ್ಕೆ ನಮ್ಮ ಮಾತ್ರೆಯಲ್ಲಿ ಉತ್ತರ ಇಲ್ಲ. ವಿಶ್ವಾಸ ಕೆಲಸಕ್ಕೆ ಬರುವುದು ಇಲ್ಲೇ.

ಆಲ್ಕೊಹಾಲಿಕ್ಸ್ ಅನಾನಿಮಸ್, ಎಲ್ಲರೂ ಎ.ಎ. ಅನ್ನುವ, ಕುಡಿತ ಬಿಡುವವರು ಒಬ್ಬರಿಗೊಬ್ಬರು ನೆರವಾಗುವ ಕೂಟ, ಹುಟ್ಟಿದ್ದೂ ಹೀಗೇ. 1934ರ ಡಿಸೆಂಬರ್‌ನಲ್ಲಿ ಬಿಲ್ ವಿಲ್ಸನ್ ಎಂಬ ಶೇರು ದಲ್ಲಾಳಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ಕುಡಿತ ಬಿಡುವ ಚಿಕಿತ್ಸೆಗೆ ಮಲಗಿದ್ದಾಗ ಅವನಿಗೆ ದೇವರ ಅನುಭವವಾಯಿತು. ಕೋಣೆಯೆಲ್ಲ ಬೆಳಕಾಯಿತು ಅಂತ ಆಮೇಲೆ ಹೇಳಿಕೊಂಡ. ನನಗೆ ಹುಚ್ಚು ಹಿಡಿಯಿತಾ ಅಂತ ಡಾಕ್ಟರನ್ನೇ ಕೇಳಿದ. ಡಾ. ಸಿಲ್ಕ್‌ವರ್ತ್ ನಗಲಿಲ್ಲ, ನಿನಗೆ ಏನೋ ಒಳ್ಳೆಯದಾಗಿದೆ, ಬಿಡಬೇಡ ಅಂದರು. ಡಾಕ್ಟರ್, ಔಷಧಿ, ದೇವರು ಮೂವರೂ ಒಂದೇ ಕೋಣೆಯಲ್ಲಿ! ಮರುವರ್ಷ ಓಹಿಯೋದ ಅಕ್ರಾನ್‌ನಲ್ಲಿ ಬಿಲ್ ಮತ್ತು ಡಾ. ಬಾಬ್ ಸ್ಮಿತ್ ಎಂಬ ಸರ್ಜನ್ ಸೇರಿ ಕೂಟ ಶುರು ಮಾಡಿದರು. ಇಬ್ಬರೂ ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಬಳಗದಲ್ಲಿ ಕೂತು ಎದ್ದವರು. ತಪ್ಪು ಒಪ್ಪಿಕೊಳ್ಳುವುದು, ನೋಯಿಸಿದವರ ಬಳಿ ಹೋಗಿ ಸರಿಪಡಿಸುವುದು ಎಲ್ಲ ಬಂದದ್ದು ಅಲ್ಲಿಂದ. ಎ.ಎ. ಈಗ ಯಾವ ಧರ್ಮಕ್ಕೂ ಸೇರಿದ್ದಲ್ಲ, ನಮ್ಮ ಊರಿನ ಕೂಟಗಳಲ್ಲಿ ಎಲ್ಲರೂ ಕೂರುತ್ತಾರೆ.

ಇದು ಬರೀ ಭಕ್ತರ ಮಾತು ಅಂತ ಮೂಗು ಮುರಿಯುವ ಡಾಕ್ಟರುಗಳಿಗೆ ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2020ರ ವರದಿ ಓದಲು ಹೇಳುತ್ತೇನೆ. 27 ಅಧ್ಯಯನ, 10 ಸಾವಿರಕ್ಕೂ ಹೆಚ್ಚು ಜನ. ಪೂರ್ತಿ ಕುಡಿತ ಬಿಟ್ಟು ಉಳಿಯುವ ವಿಷಯದಲ್ಲಿ, ಎ.ಎ.ಗೆ ಸೇರಿಸಿ ಅಲ್ಲೇ ಉಳಿಯುವಂತೆ ಮಾಡುವ ಕ್ರಮಬದ್ಧ ಚಿಕಿತ್ಸೆ, ಯೋಚನೆ, ನಡತೆ ತಿದ್ದುವ ಕಾಗ್ನಿಟಿವ್ ಬಿಹೇವಿಯರ್ ಥೆರಪಿಯಂಥ ಬೇರೆ ಪದ್ಧತಿಗಳಿಗಿಂತ ಮುಂದಿತ್ತು.

ಎ.ಎ.ಯವರು ಒಂದೊಂದಾಗಿ ಹತ್ತುವ ಹನ್ನೆರಡು ಮೆಟ್ಟಿಲುಗಳಲ್ಲಿ ನನಗೆ ದೊಡ್ಡದಾಗಿ ಕಾಣುವುದು ಐದನೆಯದು. ಮಾಡಿದ ತಪ್ಪುಗಳನ್ನು ದೇವರಿಗೆ, ತನಗೆ ತಾನೇ, ಮತ್ತು ಇನ್ನೊಬ್ಬ ಮನುಷ್ಯನಿಗೆ ಇದ್ದದ್ದು ಇದ್ದ ಹಾಗೆ ಹೇಳುವುದು. ನಮ್ಮವರಿಗೆ ಇದು ಹೊಸದಲ್ಲ, ಗುರುಗಳ ಬಳಿ ಹೋಗಿ ತಪ್ಪು ಹೇಳಿಕೊಳ್ಳುವ ಪಾಪನಿವೇದನೆಯ ಅಭ್ಯಾಸ ಮೊದಲೇ ಇದೆ. ಆದರೆ ವರ್ಷಕ್ಕೊಮ್ಮೆ ಪಾಸ್ಕ (ಈಸ್ಟರ್) ಹಬ್ಬಕ್ಕೆ ಮುಂಚೆ ಸಾಲಿನಲ್ಲಿ ನಿಂತು "ಕುಡಿದೆ, ಸಿಟ್ಟು ಮಾಡಿದೆ, ಪೂಜೆ ತಪ್ಪಿಸಿದೆ" ಅಂತ ಎರಡು ನಿಮಿಷದಲ್ಲಿ ಮುಗಿಸಿದರೆ ಏನೂ ಕದಲುವುದಿಲ್ಲ. "ಮಗಳ ಕಿವಿಯ ಓಲೆ ಕದ್ದು ಮಾರಿದೆ, ಕೆಲಸದ ಹುಡುಗನ ಮೇಲೆ ಹೊರಿಸಿದೆ" ಅಂತ ಹೇಳಬೇಕು. ಹಾಗೆ ಹೇಳುವುದಕ್ಕೆ ಸಮಯ ಬೇಕು, ಅವಸರ ಮಾಡದ ಗುರು ಬೇಕು. ಪರಿಚಯದ ಫಾದರ್‌ಗೆ ಮೊದಲೇ ಫೋನ್ ಮಾಡಿ ಒಂದು ಗಂಟೆ ಕೇಳಿಕೊಳ್ಳಿ ಅನ್ನುತ್ತೇನೆ, ಹೆಚ್ಚಿನವರು ಖುಷಿಯಿಂದ ಕೊಡುತ್ತಾರೆ. ಹೇಳಿದ್ದು ಅವರ ಬಾಯಿಂದ ಎಲ್ಲಿಗೂ ಹೋಗುವುದಿಲ್ಲ ಅನ್ನುವ ಭದ್ರತೆಯನ್ನು ನಾವು ಕೌನ್ಸೆಲರ್‌ಗಳು ಕೂಡ ಅಷ್ಟು ಪೂರ್ತಿಯಾಗಿ ಕೊಡಲಾರೆವು. ಆಮೇಲೆ ಆ ಕೆಲಸದ ಹುಡುಗನನ್ನು ಹುಡುಕಿಕೊಂಡು ಹೋಗಬೇಕು. ಅದನ್ನು ಬಿಟ್ಟರೆ ಅರ್ಧ ಕೆಲಸ.

ನನಗೆ ಸಿಟ್ಟು ಬರುವುದು ಅವಸರದ ಸಾಕ್ಷಿಗೆ. ಕುಡಿತ ಬಿಟ್ಟು ಇನ್ನೂ ವಾರ ಆಗಿರುವುದಿಲ್ಲ, ಅವನನ್ನು ವೇದಿಕೆಗೆ ಹತ್ತಿಸಿ ಮೈಕು ಕೊಡುತ್ತಾರೆ. "ಯೇಸು ನನ್ನನ್ನು ಪೂರ್ತಿ ಬಿಡಿಸಿದ್ದಾರೆ" ಅನ್ನುತ್ತಾನೆ, ಚಪ್ಪಾಳೆ. ಮೂರು ತಿಂಗಳಿಗೆ ಯಾರದೋ ಮದುವೆಯಲ್ಲಿ ಒಂದು ಗ್ಲಾಸ್ ಕುಡಿಯುತ್ತಾನೆ. ಜಾರುವುದು ಈ ಕಾಯಿಲೆಯಲ್ಲಿ ಮಾಮೂಲಿ, ಮರುದಿನವೇ ಬಂದರೆ ಸರಿಮಾಡಬಹುದು. ಅವನು ಬರುವುದಿಲ್ಲ. ಸಾವಿರ ಜನರ ಎದುರು ಹೇಳಿಬಿಟ್ಟಿದ್ದಾನೆ, ಇನ್ನು ಯಾವ ಮುಖ ಹೊತ್ತು ಇಗರ್ಜಿಗೆ ಹೋಗುವುದು? ಹೀಗೆ ದೇವರೂ ತಪ್ಪಿಹೋಗುತ್ತಾರೆ, ಆಸ್ಪತ್ರೆಯೂ ತಪ್ಪಿಹೋಗುತ್ತದೆ. ಎ.ಎ.ಯವರು ಜಾಣರು, "ಇವತ್ತು ಕುಡಿದಿಲ್ಲ" ಅನ್ನುವುದರಲ್ಲೇ ನಿಲ್ಲುತ್ತಾರೆ. ಸಾಕ್ಷಿಗೆ ಕನಿಷ್ಠ ಒಂದು ವರ್ಷ ಕಾಯಿಸಿ ಅಂತ ನಾನು ಗುರುಗಳಿಗೂ ಪಾಸ್ಟರ್‌ಗಳಿಗೂ ಬೇಡಿಕೊಳ್ಳುತ್ತೇನೆ.

ಹೆಂಡತಿಯರ ಮಾತು ಬಾಕಿ ಇದೆ. ಅವರಿಗೆ ಎಲ್ಲರೂ ಕೊಡುವ ಔಷಧಿ ಒಂದೇ, "ಕ್ಷಮಿಸಿಬಿಡು ಮಗಾ, ಯೇಸು ಎಪ್ಪತ್ತು ಏಳು ಸಲ ಕ್ಷಮಿಸು ಅಂದಿಲ್ವಾ". ಹೊಡೆತ ತಿಂದು ಬಂದವಳಿಗೆ ಇದನ್ನು ಹೇಳಿ ಅದೇ ರಾತ್ರಿ ಮನೆಗೆ ಕಳಿಸಿದರೆ ಅದು ಕ್ಷಮೆಯೂ ಅಲ್ಲ, ಧರ್ಮವೂ ಅಲ್ಲ. ಮನಸ್ಸಿನಲ್ಲಿ ಕ್ಷಮಿಸಿ ತವರಲ್ಲಿ ಉಳಿಯಬಹುದು. ಕ್ಷಮಿಸಿ ಪೊಲೀಸ್ ಕಂಪ್ಲೇಂಟ್ ಕೊಡಬಹುದು. ಕ್ಷಮಿಸಲು ಇನ್ನೂ ಆಗಿಲ್ಲ ಅಂದರೂ ಅವಳು ಕೆಟ್ಟ ಕ್ರೈಸ್ತಳಲ್ಲ. ಇಂಥವರಿಗೆ ಬೈಬಲ್‌ನ 88ನೇ ಕೀರ್ತನೆ ಓದಿ ಅನ್ನುತ್ತೇನೆ. ಹೆಚ್ಚಿನ ದುಃಖದ ಕೀರ್ತನೆಗಳು ಕೊನೆಗಾದರೂ ಸ್ತುತಿಗೆ ತಿರುಗುತ್ತವೆ, ಇದು ತಿರುಗುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಒಬ್ಬರು ಓದಿ ಬಂದು "ಹೀಗೆಲ್ಲ ದೇವರನ್ನು ಬೈಯಬಹುದಾ ಮೇಡಂ?" ಅಂತ ಕೇಳಿದರು. ಬೈಬಲ್‌ನಲ್ಲೇ ಇದೆಯಲ್ವಾ ಅಂದೆ. ಆಮೇಲೆ ಒಂದು ಗಂಟೆ ಮಾತಾಡಿದರು. ಅದಕ್ಕೆ ಮೊದಲು ಬರುತ್ತಿದ್ದಾಗೆಲ್ಲ ಗಂಡನ ಸುದ್ದಿ ಬಿಟ್ಟು ತನ್ನ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ಇನ್ನು ಮತ್ತೆ ಕುಡಿಯದ ಹಾಗೆ ಡಾಕ್ಟರು ಕೊಡುವ ಡೈಸಲ್ಫಿರಾಮ್ ಮಾತ್ರೆ. ಇದರ ಮೇಲೆ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಬಿ.ಪಿ. ಇಳಿಯುತ್ತದೆ. ಗಂಡನಿಗೆ ತಿಳಿಯದ ಹಾಗೆ ಸಾರಿಗೆ ಬೆರೆಸುವವರಿದ್ದಾರೆ, ದಯವಿಟ್ಟು ಬೇಡ, ಜೀವ ಹೋಗಬಹುದು. ತಿಳಿದೇ ತೆಗೆದುಕೊಳ್ಳುವವರು ಕೇಳುವುದು ಪರಮಪ್ರಸಾದದ ಬಗ್ಗೆ, ಅಂದರೆ ಪೂಜೆಯಲ್ಲಿ ಕೊಡುವ ರೊಟ್ಟಿ, ದ್ರಾಕ್ಷಾರಸದ ಬಗ್ಗೆ. ರೊಟ್ಟಿಯ ರೂಪದಲ್ಲಿ ಮಾತ್ರ ಸ್ವೀಕರಿಸಿದರೂ ಅದು ಪೂರ್ಣ ಪರಮಪ್ರಸಾದವೇ ಅಂತ ಕಥೋಲಿಕ ಬೋಧನೆ ಇದೆ. ದ್ರಾಕ್ಷಾರಸದಲ್ಲಿ ಅದ್ದಿ ಕೊಡುವ ದಿನ ಮೊದಲೇ ಗುರುಗಳಿಗೆ ಹೇಳಿ. ಪ್ರೊಟೆಸ್ಟೆಂಟ್ ಸಭೆಯವರಾದರೆ ಪಾತ್ರೆಯಲ್ಲಿರುವುದು ವೈನಾ, ಹುದುಗದ ರಸವಾ ಅಂತ ಕೇಳಿಕೊಳ್ಳಿ. ಕುಡಿತದ ಕಾಯಿಲೆ ಇರುವ ಗುರುಗಳಿಗೇ ಬಿಷಪರ ಅನುಮತಿಯ ಮೇಲೆ ಹುದುಗು ತಡೆದ ದ್ರಾಕ್ಷಾರಸ ಬಳಸಲು ಸಭೆ ಅವಕಾಶ ಕೊಟ್ಟಿದೆ, ನೀವು ಕೇಳಲು ನಾಚಬೇಕಾಗಿಲ್ಲ. ಕ್ರಿಸ್ಮಸ್‌ನ ಮನೆ ವೈನ್, ರಮ್‌ನಲ್ಲಿ ನೆನೆಸಿದ ಹಣ್ಣಿನ ಕೇಕ್ ಎರಡೂ ಬೇಡ. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರ ಬೇಡ.

ಮದುವೆಯ ಟೋಸ್ಟ್‌ಗೆ ಜ್ಯೂಸ್ ಎತ್ತಿದರೆ ಯಾರೂ ಕೇಳುವುದಿಲ್ಲ. ಕಷ್ಟ ಇರುವುದು ರೋಸ್‌ನ, ಅಂದರೆ ಮದುವೆಗೆ ಮುಂಚೆ ತೆಂಗಿನ ಹಾಲು ಹಚ್ಚುವ ಶಾಸ್ತ್ರದ, ರಾತ್ರಿ. ಮೊದಲ ವರ್ಷ ರೋಸ್‌ಗೆ ಹೋಗಲೇಬೇಡಿ, ಮದುವೆಯ ಪೂಜೆಗೆ ಹೋಗಿ. ಹತ್ತಿರದ ಸಂಬಂಧ, ಹೋಗದೆ ವಿಧಿಯಿಲ್ಲ ಅಂದರೆ ಮನೆಯಲ್ಲೇ ಊಟ ಮಾಡಿ ಹೊರಡಿ, ಎ.ಎ.ಯ ಗೆಳೆಯ ಒಬ್ಬನನ್ನು ಜೊತೆಗೆ ಕರೆದುಕೊಳ್ಳಿ, ತೆಂಗಿನ ಹಾಲು ಹಚ್ಚಿ ಹರಸಿದ ಕೂಡಲೇ ವಾಪಸ್ ಬನ್ನಿ. ಯಾರಾದರೂ ಗ್ಲಾಸ್ ಹಿಡಿದು ಒತ್ತಾಯ ಮಾಡಿದರೆ "ಮಾತ್ರೆ ನಡೀತಿದೆ" ಅನ್ನಿ, ಯಾವ ಮಾತ್ರೆ ಅಂತ ಹೇಳುವ ಅಗತ್ಯವಿಲ್ಲ.