ಎಲ್ಲ ಸೊನ್ನೆ ಬಂದರೆ ಬಾಗಿಲು ನೋಡಿ

ಮಲ್ಪೆಯ ಒಂದು ಐಸ್ ಪ್ಲಾಂಟಿಗೆ ತಾಪಮಾನ ಅಳೆಯುವ ಬೋರ್ಡ್ ಮಾಡಿಕೊಟ್ಟಿದ್ದೆವು. ಹೊಸ ಫರ್ಮ್‌ವೇರ್ (ಬೋರ್ಡ್ ನಡೆಸುವ ಸಾಫ್ಟ್‌ವೇರ್) ಹಾಕಿದ ಮೇಲೆ ಸೆನ್ಸರ್ ಉತ್ತರ ಕೊಡುವುದನ್ನೇ ನಿಲ್ಲಿಸಿತು. ಕರಾವಳಿಯಲ್ಲಿ ಇದಕ್ಕೆ ಎಲ್ಲರೂ ಹೇಳುವುದು ಒಂದೇ: ಉಪ್ಪುಗಾಳಿ, ಕನೆಕ್ಟರ್ ತುಕ್ಕು ಹಿಡಿದಿರಬೇಕು. ಕನೆಕ್ಟರ್ ಬದಲಿಸಿದೆವು, ಸೆನ್ಸರ್ ಬದಲಿಸಿದೆವು. ಎರಡು ದಿನ ಮಲ್ಪೆಗೆ ಓಡಾಡಿದ್ದೇ ಬಂತು.

ಮೂರನೇ ದಿನ ಮಂಗಳೂರಿನ ಆಫೀಸಿನಲ್ಲಿ ಕೂತು ಸೆನ್ಸರ್ ಜೊತೆ ಮಾತಾಡುವ ಐ2ಸಿ ಕಂಟ್ರೋಲರಿನ ರಿಜಿಸ್ಟರುಗಳನ್ನೇ (ಅದರ ಸ್ಥಿತಿ, ಸೆಟ್ಟಿಂಗ್ ಇಡುವ ಪುಟ್ಟ ಖಾನೆಗಳನ್ನು) ಓದಿದೆ. ಎಲ್ಲ ಸೊನ್ನೆ. ಈ ಕಂಟ್ರೋಲರಿನ ಸ್ಟೇಟಸ್ ರಿಜಿಸ್ಟರ್ ರಿಸೆಟ್ ಆದ ಕೂಡಲೇ 1 ತೋರಿಸಬೇಕು, ಕಳಿಸುವ ಬಫರ್ ಖಾಲಿ ಇರುತ್ತದಲ್ವಾ. ಟೈಮಿಂಗ್ ರಿಜಿಸ್ಟರಿಗೆ ಬರೆದು ಮತ್ತೆ ಓದಿದೆ. ಆಗಲೂ ಸೊನ್ನೆ. ಕಂಟ್ರೋಲರ್ ನಡೆಸುವ ಕ್ಲಾಕ್ ಸಿಗ್ನಲ್ ಆಫ್ ಆಗಿದ್ದರೂ ಹೀಗಾಗಬಹುದು, ಆದರೆ ಅದು ಆನ್ ಇತ್ತು.

ಉಳಿದದ್ದು ಫೈರ್‌ವಾಲ್. ಇದು ನೆಟ್‌ವರ್ಕಿನದಲ್ಲ, ಚಿಪ್ಪಿನೊಳಗಿನದು. ಚಿಪ್ಪಿನೊಳಗೆ ಡೇಟಾ ಸಾಗುವ ದಾರಿಯಾದ ಆರ್ಮ್ ಕಂಪನಿಯ ಎಎಕ್ಸ್‌ಐ ಬಸ್ಸಿನಲ್ಲಿ ಪ್ರತಿ ಓದು, ಬರಹದ ಜೊತೆ ಒಂದು ಬಿಟ್ ಹೋಗುತ್ತದೆ. 0 ಆದರೆ ಕೇಳಿದ್ದು ಸೆಕ್ಯೂರ್ (ನಂಬಿಕಸ್ಥ) ಕಡೆ, 1 ಆದರೆ ನಾನ್‌ಸೆಕ್ಯೂರ್ ಕಡೆ. ನಮ್ಮ ಲಿನಕ್ಸ್ ಓಡುವುದು ನಾನ್‌ಸೆಕ್ಯೂರ್ ಕಡೆ. ಪೆರಿಫೆರಲ್ (ಐ2ಸಿ ಕಂಟ್ರೋಲರಿನಂಥ ಘಟಕ) ಎದುರಿಗೆ ಕೂತ ಫೈರ್‌ವಾಲ್ ಅದನ್ನು ನೋಡಿ ಒಳಗೆ ಬಿಡುತ್ತದೆ, ಇಲ್ಲವೇ ತಡೆಯುತ್ತದೆ. ಕೆಲವು ಚಿಪ್ಪುಗಳಲ್ಲಿ ಕೇಳಿದ್ದು ಯಾವ ಕೋರ್ ಅಂತಲೂ ನೋಡುತ್ತದೆ. ಸಿಪಿಯು ಯಾವ ಮೆಮೊರಿ ಮುಟ್ಟಬಹುದು ಅಂತ ಕಾಯುವ ಎಂಎಂಯು ಇದೆಯಲ್ಲ, ಸಾಲದಾ ಅಂತ ಹೊಸಬರು ಕೇಳುತ್ತಾರೆ. ಸಾಲದು. ಸಿಪಿಯು ಬಿಟ್ಟು ತಾನೇ ಡೇಟಾ ಸಾಗಿಸುವ ಡಿಎಂಎ, ಸಿಪಿಯುವಿನ ಎಂಎಂಯು ದಾರಿಯಲ್ಲಿ ಬರುವುದೇ ಇಲ್ಲ.

ತಡೆದಾಗ ಕೆಲವು ಕಡೆ ಬಸ್ ಎರರ್ ಬಂದು ಲಿನಕ್ಸಿನ ತಿರುಳಾದ ಕರ್ನೆಲ್ ಅಲ್ಲೇ ಬೀಳುತ್ತದೆ. ನನಗೆ ಅದೇ ಇಷ್ಟ, ಕಣ್ಣಿಗಾದರೂ ಕಾಣುತ್ತದೆ. ಇನ್ನು ಕೆಲವು ಕಡೆ ಓದಿದರೆ ಸೊನ್ನೆ, ಬರೆದದ್ದು ಸುಮ್ನೆ ಮಾಯ. ನಮ್ಮದು ಈ ಜಾತಿ.

ತಪ್ಪು ನಮ್ಮದೇ. ಚಿಪ್ ಕಂಪನಿಯ ಮಾದರಿ ಬೋರ್ಡಿನಲ್ಲಿ ಆ ಐ2ಸಿಗೆ ಪವರ್ ಚಿಪ್ ಜೋಡಿಸಿದ್ದರು, ಹಾಗಾಗಿ ಅದನ್ನು ಸೆಕ್ಯೂರ್ ಮಾಡಿದ್ದರು. ನಮ್ಮಲ್ಲಿ ಅಲ್ಲಿರುವುದು ಸೆನ್ಸರ್. ಬೂಟ್ ಫರ್ಮ್‌ವೇರಿನ ಪಟ್ಟಿಯನ್ನು ಹಾಗೇ ಕಾಪಿ ಮಾಡಿದ್ದೆವು. ಬಾಗಿಲು ಯಾರಿಗೆ ತೆರೆಯಬೇಕು ಅಂತ ಲಿನಕ್ಸ್ ಏಳುವ ಮೊದಲೇ ಅಲ್ಲಿ ತೀರ್ಮಾನ ಆಗಿರುತ್ತದೆ. ಬೋರ್ಡಿನಲ್ಲಿ ಏನೇನಿದೆ ಅಂತ ಲಿನಕ್ಸಿಗೆ ಹೇಳುವ ಡಿವೈಸ್ ಟ್ರೀ ಫೈಲಿನಲ್ಲಿ ‘ಓಕೆ’ ಅಂತ ಎಷ್ಟು ಸಲ ಬರೆದರೂ ಅದು ಬದಲಾಗದು.

ಈಗ ಡಿವೈಸ್ ಟ್ರೀಗೆ ‘ಆಕ್ಸೆಸ್ ಕಂಟ್ರೋಲರ್ಸ್’ ಎಂಬ ಪ್ರಾಪರ್ಟಿ ಬಂದಿದೆ. ಎಸ್‌ಟಿ ಕಂಪನಿಯ ಎಸ್‌ಟಿಎಂ32ಎಂಪಿ ಚಿಪ್ಪುಗಳಲ್ಲಿ ಕರ್ನೆಲ್ ಮೊದಲು ಫೈರ್‌ವಾಲನ್ನು ಕೇಳಿ, ಅನುಮತಿ ಇಲ್ಲದಿದ್ದರೆ ಡ್ರೈವರ್ ಶುರು ಮಾಡದೆ ಲಾಗಿನಲ್ಲಿ ಹೇಳುತ್ತದೆ. ನಮ್ಮ ಹಳೇ ಕರ್ನೆಲಿನಲ್ಲಿ ಅದು ಇರಲಿಲ್ಲ.

ಪಟ್ಟಿಯಲ್ಲಿ ಒಂದು ಸಾಲು ತಿದ್ದಿದೆವು, ಸೆನ್ಸರ್ ಮಾತಾಡಿತು. ಬಿಚ್ಚಿ ತಂದ ಹಳೇ ಸೆನ್ಸರನ್ನೂ ಆಮೇಲೆ ಜೋಡಿಸಿ ನೋಡಿದೆ. ಅದಕ್ಕೆ ಏನೂ ಆಗಿರಲಿಲ್ಲ.