ಯುರೋಪಿನ ಹೊಗೆಸಂತೆ

ಇಂಗಾಲದ ಮಾರುಕಟ್ಟೆ ಎಂದೊಡನೆ ನಮ್ಮಲ್ಲಿ ಹಲವರು ಮೂಗು ಮುರಿಯುತ್ತಾರೆ. ‘ದುಡ್ಡಿದ್ದವನು ದುಡ್ಡು ಕೊಟ್ಟು ಹೊಗೆ ಬಿಡುತ್ತಾನೆ, ಅಷ್ಟೇ ತಾನೆ?’ ಎಂದು ಪರಿಸರದ ಬಗ್ಗೆ ಕಾಳಜಿ ಇರುವವರೇ ಕೇಳುತ್ತಾರೆ. ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ತಾಳ್ಮೆ ತಪ್ಪುತ್ತದೆ.

ಯುರೋಪಿಯನ್ ಒಕ್ಕೂಟದಲ್ಲಿ 2005ರಿಂದ ಈ ಸಂತೆ ನಡೆಯುತ್ತಿದೆ. ಈಗ ಒಕ್ಕೂಟದ 27 ದೇಶಗಳ ಜೊತೆ ನಾರ್ವೆ, ಐಸ್‌ಲ್ಯಾಂಡ್, ಲಿಕ್ಟೆನ್‌ಸ್ಟೈನ್ ಕೂಡ ಅದರಲ್ಲಿವೆ. ವಿದ್ಯುತ್ ಸ್ಥಾವರ, ಉಕ್ಕು, ಸಿಮೆಂಟ್ ಕಾರ್ಖಾನೆಗಳೆಲ್ಲ ಸೇರಿ ಒಂದು ವರ್ಷಕ್ಕೆ ಎಷ್ಟು ಟನ್ ಇಂಗಾಲದ ಡೈಆಕ್ಸೈಡ್ ಬಿಡಬಹುದು ಎಂಬ ಮಿತಿ ಮೊದಲೇ ನಿಗದಿಯಾಗಿರುತ್ತದೆ. ಒಂದು ಟನ್ನಿಗೆ ಒಂದು ಪರವಾನಗಿ. ಶಾಲೆಯ ಸಂಗೀತ ಕುರ್ಚಿ ಆಟದಲ್ಲಿ ಸುತ್ತು ಸುತ್ತಿಗೂ ಕುರ್ಚಿ ತೆಗೆಯುವಂತೆ ಇಲ್ಲಿ ವರ್ಷ ವರ್ಷಕ್ಕೂ ಪರವಾನಗಿ ತಗ್ಗಿಸುತ್ತಾ ಹೋಗುತ್ತಾರೆ. ಕುರ್ಚಿಯನ್ನು ಪಕ್ಕದವರಿಗೆ ಮಾರಬಹುದು ಎಂಬುದೊಂದೇ ಹೊಸ ನಿಯಮ. ಶ್ರೀಮಂತರ ಮನೆಯ ಹುಡುಗ ಹತ್ತು ಕುರ್ಚಿ ಕೊಂಡರೆ ಮಾರಿದ ಹತ್ತು ಮಂದಿ ನಿಲ್ಲಲೇಬೇಕು. ಅಂಗಳದಲ್ಲಿ ಒಂದು ಕುರ್ಚಿಯೂ ಹೆಚ್ಚುವುದಿಲ್ಲ.

ಹಾಗಾದರೆ ಮಾರಾಟವೇಕೆ? ಒಂದು ಟನ್ ಹೊಗೆ ತಗ್ಗಿಸಲು ಸಿಮೆಂಟ್ ಕಾರ್ಖಾನೆಗೆ 90 ಯೂರೊ, ವಿದ್ಯುತ್ ಸ್ಥಾವರಕ್ಕೆ 30 ಯೂರೊ ಖರ್ಚು ಎಂದಿಟ್ಟುಕೊಳ್ಳೋಣ. ಸ್ಥಾವರವು ಕಲ್ಲಿದ್ದಲು ಬಿಟ್ಟು ಅನಿಲ ಉರಿಸಿದರೆ ಪ್ರತಿ ಯೂನಿಟ್ ವಿದ್ಯುತ್ತಿನ ಹೊಗೆ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಸಿಮೆಂಟಿನವನಿಗೆ ಅಂಥ ಸುಲಭದ ದಾರಿಯಿಲ್ಲ, ಸುಣ್ಣದ ಕಲ್ಲು ಕಾದಾಗ ಕಲ್ಲಿನಿಂದಲೇ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಪರವಾನಗಿಯ ಬೆಲೆ 60 ಯೂರೊ ಆದರೆ ಸ್ಥಾವರ ಹೊಗೆ ತಗ್ಗಿಸಿ, ಉಳಿದದ್ದನ್ನು ಮಾರಿ 30 ಯೂರೊ ಗಳಿಸುತ್ತದೆ. ಸಿಮೆಂಟಿನವನು ಕೊಂಡು 30 ಯೂರೊ ಉಳಿಸುತ್ತಾನೆ. ಎಲ್ಲಿ ಅಗ್ಗವೋ ಅಲ್ಲಿ ಹೊಗೆ ಮೊದಲು ಕಡಿಮೆಯಾಗುತ್ತದೆ. ಯಾವ ಅಧಿಕಾರಿಯೂ ಕಾರ್ಖಾನೆಯಿಂದ ಕಾರ್ಖಾನೆಗೆ ಅಲೆದು ಇದನ್ನು ಪತ್ತೆ ಹಚ್ಚಬೇಕಾಗಿಲ್ಲ!

ಈ ಉಪಾಯ ಯುರೋಪಿನದಲ್ಲ. ಕೆನಡಾದ ಅರ್ಥಶಾಸ್ತ್ರಜ್ಞ ಜಾನ್ ಡೇಲ್ಸ್ 1968ರಲ್ಲಿ ನೀರಿನ ಮಾಲಿನ್ಯಕ್ಕೆ ಇದನ್ನು ಸೂಚಿಸಿದ್ದರು. ಆಮ್ಲಮಳೆ ತಡೆಯಲು ಅಮೆರಿಕ 1990ರಲ್ಲಿ ಕಾನೂನು ಮಾಡಿ, 1995ರಿಂದ ಗಂಧಕದ ಡೈಆಕ್ಸೈಡಿಗೆ ಇದನ್ನು ಬಳಸಿ ಗೆದ್ದಿತು. ಭೂಮಿ ಬಿಸಿಯಾಗುವುದನ್ನು ತಡೆಯುವ ಒಪ್ಪಂದಕ್ಕಾಗಿ 1997ರಲ್ಲಿ ಜಪಾನಿನ ಕ್ಯೋಟೊದಲ್ಲಿ ನಡೆದ ಮಾತುಕತೆಯಲ್ಲಿ ಪರವಾನಗಿ ವ್ಯಾಪಾರ ಬೇಕೆಂದು ಹಟ ಹಿಡಿದದ್ದು ಅಮೆರಿಕ, ಅನುಮಾನಿಸಿದ್ದು ಯುರೋಪ್. 2001ರಲ್ಲಿ ಅಮೆರಿಕವೇ ಒಪ್ಪಂದದಿಂದ ಕಾಲ್ತೆಗೆಯಿತು, ಕೂಸು ಯುರೋಪಿನ ಮಡಿಲಿಗೆ ಬಿತ್ತು. ಯುರೋಪಿಗೂ ಬೇರೆ ದಾರಿ ಇರಲಿಲ್ಲ: 1992ರಲ್ಲಿ ಮುಂದಿಟ್ಟ ಇಂಗಾಲ ತೆರಿಗೆಯ ಪ್ರಸ್ತಾಪ ಬಿದ್ದುಹೋಗಿತ್ತು. ಒಕ್ಕೂಟದಲ್ಲಿ ತೆರಿಗೆಗೆ ಎಲ್ಲ ದೇಶಗಳ ಒಪ್ಪಿಗೆ ಬೇಕು, ಈ ಸಂತೆಯಂಥ ಪರಿಸರ ನಿಯಮಕ್ಕೆ ಬಹುಮತ ಸಾಕು.

ಆರಂಭ ಮಾತ್ರ ಮುಗ್ಗರಿಸಿತು. ಸರ್ಕಾರಗಳು ತಮ್ಮ ತಮ್ಮ ಕಾರ್ಖಾನೆಗಳಿಗೆ ಧಾರಾಳವಾಗಿ, ಅದೂ ಬಿಟ್ಟಿಯಾಗಿ, ಪರವಾನಗಿ ಹಂಚಿದ್ದವು. 2007ರ ಹೊತ್ತಿಗೆ ಬೆಲೆ ಸೊನ್ನೆಯ ಹತ್ತಿರ ಬಂದಿತ್ತು. 2008ರ ಆರ್ಥಿಕ ಹಿಂಜರಿತದಲ್ಲಿ ಉತ್ಪಾದನೆ ಕುಸಿದು ಪರವಾನಗಿಗಳು ಮತ್ತೆ ರಾಶಿಬಿದ್ದವು. 2013ರಲ್ಲಿ ಟನ್ನಿಗೆ 5 ಯೂರೊ ಕೂಡ ಹುಟ್ಟದ ದಿನಗಳಿದ್ದವು. 2019ರಿಂದ ಹೆಚ್ಚುವರಿ ಪರವಾನಗಿಗಳನ್ನು ಸಂತೆಯಿಂದ ಹಿಂದೆಗೆದಿಡುವ ವ್ಯವಸ್ಥೆ ಬಂತು. 2023ರ ಫೆಬ್ರುವರಿಯಲ್ಲಿ ಬೆಲೆ 100 ಯೂರೊ ದಾಟಿತು. ಆ ವರ್ಷ ಈ ವಲಯಗಳ ಹೊಗೆ 2005ಕ್ಕಿಂತ ಸುಮಾರು ಶೇ 47ರಷ್ಟು ಕಡಿಮೆ ಇತ್ತು. ಗಾಳಿ, ಸೌರ ವಿದ್ಯುತ್ತಿಗೆ ಕೊಟ್ಟ ಸಹಾಯಧನದ ಪಾಲೂ ಅದರಲ್ಲಿದೆ, ಪೂರ್ತಿ ಶ್ರೇಯಸ್ಸು ಸಂತೆಯದಲ್ಲ.

ಹೊರಗಿನ ಅಗ್ಗದ ಉಕ್ಕು ಬಂದು ಈ ಲೆಕ್ಕ ಕೆಡಿಸಬಾರದೆಂದು 2026ರ ಜನವರಿಯಿಂದ ಒಕ್ಕೂಟ ಗಡಿಯಲ್ಲೂ ಇಂಗಾಲದ ಬೆಲೆ ಜಾರಿಗೆ ತಂದಿದೆ. ಊದುಕುಲುಮೆಯಲ್ಲಿ ಒಂದು ಟನ್ ಉಕ್ಕಿಗೆ 2 ಟನ್ನಿನಷ್ಟು, ಹಲವೆಡೆ ಇನ್ನೂ ಹೆಚ್ಚು, ಇಂಗಾಲದ ಡೈಆಕ್ಸೈಡ್ ಹೊಮ್ಮುತ್ತದೆ. ಹಾಗಾಗಿ ಬಳ್ಳಾರಿ ಸೀಮೆಯ ಉಕ್ಕಿಗೂ ಇದರ ಬಿಸಿ ತಟ್ಟುವಂಥದ್ದೇ. ನೂರಾರು ವರ್ಷ ಹೊಗೆ ಬಿಟ್ಟವರು ಈಗ ನಮಗೆ ಬಿಲ್ ಕಳಿಸುತ್ತಿದ್ದಾರೆ ಎಂಬ ಸಿಟ್ಟು ನ್ಯಾಯವಾದದ್ದೇ. ಆದರೆ ಇಲ್ಲಿಯೇ ಇಂಗಾಲಕ್ಕೆ ಬೆಲೆ ತೆತ್ತಿದ್ದರೆ ಅಲ್ಲಿ ಅಷ್ಟು ಕಳೆಯುತ್ತಾರೆ. ಹಣ ನಮ್ಮಲ್ಲೇ ಉಳಿಯುತ್ತದೆ.

ಭಾರತ 2023ರಲ್ಲಿ ತನ್ನದೇ ಇಂಗಾಲ ವಹಿವಾಟು ಯೋಜನೆ ಪ್ರಕಟಿಸಿತು. ಅದು ಕಟ್ಟುಪಾಡು ಹಾಕುವುದು ಒಂದು ಟನ್ ಉತ್ಪನ್ನಕ್ಕೆ ಇಷ್ಟು ಹೊಗೆ ಎಂದು ಮಾತ್ರ, ಒಟ್ಟು ಮೊತ್ತಕ್ಕೆ ಮಿತಿಯಿಲ್ಲ. ಕುರ್ಚಿಗಳನ್ನು ಎಣಿಸಿಯೇ ಇಲ್ಲ. 2017ರ ರಾಷ್ಟ್ರೀಯ ಉಕ್ಕು ನೀತಿಯ ಗುರಿ 2030ರ ಹೊತ್ತಿಗೆ 30 ಕೋಟಿ ಟನ್ ಸಾಮರ್ಥ್ಯ. ಪ್ರತಿ ಟನ್ನಿನ ಹೊಗೆ ಇಳಿದರೂ ಒಟ್ಟು ಹೊಗೆ ಏರಲು ಈ ಯೋಜನೆಯಲ್ಲಿ ಯಾವ ಅಡ್ಡಿಯೂ ಇಲ್ಲ.