ದುಡ್ಡು ಕೊಟ್ಟು ಏರ್‌ಪೋರ್ಟ್ ಲೌಂಜ್‌ಗೆ ಹೋಗಬೇಕಾ?

ಓದುಗರ ಪ್ರಶ್ನೆ: ವರ್ಷಕ್ಕೆ ಎರಡು ಮೂರು ಸಲ ವಿಮಾನ ಹತ್ತುತ್ತೇನೆ. ಪ್ರತಿ ಸಲವೂ ಇರುವುದರಲ್ಲೇ ಅಗ್ಗದ ಟಿಕೆಟ್ ಹುಡುಕುತ್ತೇನೆ. ನನ್ನಂಥವರಿಗೆ ಲೌಂಜ್ ಲಾಭವಾ, ದಂಡವಾ?

ಲೌಂಜ್ ಅಂದರೆ ವಿಮಾನ ಹೊರಡುವವರೆಗೆ ಆರಾಮಾಗಿ ಕೂತು, ತಿಂದು ಕುಡಿದು ಕಾಯುವ ಪ್ರತ್ಯೇಕ ಜಾಗ. ನೇರವಾಗಿ ಹೇಳಿಬಿಡುತ್ತೇನೆ, ಹೆಚ್ಚಿನ ಸಲ ದಂಡ. ಆದರೆ ಕೆಲವು ಪ್ರಯಾಣಗಳಲ್ಲಿ ಅದಕ್ಕಿಂತ ಒಳ್ಳೆಯ ಖರ್ಚು ಬೇರೆ ಇಲ್ಲ. ಅದು ನಿರ್ಧಾರವಾಗುವುದು ಒಳಗೆ ನಿಮಗೆ ಎಷ್ಟು ಹೊತ್ತು ಸಿಗುತ್ತದೆ ಅನ್ನುವುದರ ಮೇಲೆ. ಊಟದ ಮೇಲಲ್ಲ.

ಯಾಕೆ ಹೀಗೆ ಹೇಳುತ್ತೇನೆಂದರೆ ಸಾಮಾನ್ಯವಾಗಿ ಎಲ್ಲರೂ ಊಟದ ಲೆಕ್ಕವನ್ನೇ ಹಾಕುತ್ತಾರೆ. ಹೊರಗೆ ಒಂದು ಊಟ, ಎರಡು ಕಾಫಿ, ಒಂದು ಜ್ಯೂಸ್, ನೀರಿನ ಬಾಟಲಿ, ಇಷ್ಟನ್ನೂ ಏರ್‌ಪೋರ್ಟ್ ರೇಟಿನಲ್ಲಿ ಕೂಡಿಸಿ, ಲೌಂಜೇ ಅಗ್ಗ ಅಂದುಬಿಡುತ್ತಾರೆ. ಆದರೆ ಲೌಂಜ್ ಇಲ್ಲದಿದ್ದರೆ ನೀವು ಅಷ್ಟೆಲ್ಲಾ ಕೊಳ್ಳುತ್ತಿದ್ರಾ? ಬುತ್ತಿ ಕಟ್ಟಿಕೊಂಡು ಹೋಗುವವರು ಎರಡು ಕಾಫಿ ಮತ್ತು ಜ್ಯೂಸಿಗೆ ಕೈ ಹಾಕುವುದಿಲ್ಲ ಅಲ್ವಾ. ಆದ್ದರಿಂದ ಲೌಂಜಿನ ದರವನ್ನು ಹೋಲಿಸಬೇಕಾದ್ದು ನೀವು ನಿಜವಾಗಿ ಮಾಡುತ್ತಿದ್ದ ಖರ್ಚಿನ ಜೊತೆ. ಆ ಖರ್ಚು ಒಂದು ಕಾಫಿ ಅಷ್ಟೇ ಆಗಿದ್ದರೆ ಉತ್ತರ ಅಲ್ಲಿಗೇ ಮುಗಿಯಿತು.

ಈಗ ಹೊತ್ತಿನ ಲೆಕ್ಕ. ವಿಮಾನ ಹತ್ತು ಗಂಟೆಗೆ ಅಂದುಕೊಳ್ಳಿ, ಎಂಟಕ್ಕೆ ಏರ್‌ಪೋರ್ಟ್ ತಲುಪಿದಿರಿ. ಬ್ಯಾಗ್ ಕೊಟ್ಟು, ಸೆಕ್ಯುರಿಟಿ ಸಾಲಿನಲ್ಲಿ ನಿಂತು ಆಚೆ ಹೋಗುವಷ್ಟರಲ್ಲಿ ಒಂಬತ್ತಾಗುತ್ತದೆ. ಬೋರ್ಡಿಂಗ್ ಒಂಬತ್ತೂಕಾಲಿಗೆ ಶುರು. ಲೌಂಜ್ ಹುಡುಕಿಕೊಂಡು ಹೋಗಿ, ಅಲ್ಲಿಂದ ಮತ್ತೆ ಗೇಟಿಗೆ ನಡೆಯುವುದನ್ನೂ ಕಳೆದರೆ ನಿಮಗೆ ಉಳಿಯುವುದು ಹತ್ತು ನಿಮಿಷ. ಆ ಹತ್ತು ನಿಮಿಷಕ್ಕೆ ಪೂರ್ತಿ ದುಡ್ಡು ಯಾಕೆ?

ಸರಿ, ಇನ್ನೂ ಬೇಗ ಹೋಗೋಣ ಅಂತ ಹೊರಟರೆ ಅಗ್ಗದ ಟಿಕೆಟ್‌ನವರಿಗೆ ಬೇರೆಯದೇ ತೊಡಕು ಎದುರಾಗುತ್ತದೆ. ಅನೇಕ ಅಗ್ಗದ ವಿಮಾನಗಳ ಚೆಕ್-ಇನ್ ಕೌಂಟರ್ ತೆರೆಯುವುದೇ ಹೊರಡುವ ಎರಡು ಮೂರು ಗಂಟೆ ಮೊದಲು. ದೊಡ್ಡ ಬ್ಯಾಗ್ ಕೊಡುವವರೆಗೆ ಸೆಕ್ಯುರಿಟಿ ದಾಟುವ ಹಾಗಿಲ್ಲ, ಲೌಂಜ್ ಇರುವುದೋ ಹೆಚ್ಚಾಗಿ ಆಚೆಗೆ. ದುಡ್ಡು ಉಳಿಸಲು ಎರಡು ಬೇರೆ ಬೇರೆ ಟಿಕೆಟ್ ಜೋಡಿಸಿಕೊಂಡಿದ್ದರಂತೂ ನಡುವಿನ ಊರಲ್ಲಿ ಇಮಿಗ್ರೇಶನ್ ದಾಟಿ, ಬ್ಯಾಗ್ ಎತ್ತಿಕೊಂಡು ಹೊರಗೆ ಬಂದು, ಮತ್ತೆ ಚೆಕ್-ಇನ್ ಮಾಡಬೇಕಾಗಬಹುದು. ಟ್ರಾನ್ಸಿಟ್ ಭಾಗದ, ಅಂದರೆ ಹೊರಗೆ ಬರದೆ ವಿಮಾನ ಬದಲಿಸುವವರು ಕಾಯುವ ಕಡೆಯ ಲೌಂಜ್‌ಗೆ ಮೊದಲೇ ದುಡ್ಡು ಕಟ್ಟಿದ್ದರೆ ಅಲ್ಲಿಗೆ ಕಾಲಿಡುವುದಕ್ಕೂ ಆಗದೆ ಹೋಗಬಹುದು. ಹಾಗಾಗಿ ಬುಕ್ ಮಾಡುವ ಮೊದಲು ಮೂರು ವಿಷಯ ನೋಡಿಕೊಳ್ಳಿ: ಯಾವ ಟರ್ಮಿನಲ್, ಸೆಕ್ಯುರಿಟಿಗಿಂತ ಈಚೆಯೋ ಆಚೆಯೋ, ಇಮಿಗ್ರೇಶನ್‌ನ ಯಾವ ಕಡೆ.

ಇನ್ನೊಂದು, ಜಾಗ. ನಾನೊಮ್ಮೆ ಆನ್‌ಲೈನ್‌ನಲ್ಲಿ ದುಡ್ಡು ಕಟ್ಟಿ ಹೋದವನು ಬಾಗಿಲಲ್ಲೇ ನಲವತ್ತು ನಿಮಿಷ ನಿಂತಿದ್ದೆ. ಒಳಗೆ ಕುರ್ಚಿ ಖಾಲಿ ಇಲ್ಲ ಎಂದರು. ಆ ಹೊತ್ತಿಗೆ ಎದುರಿನ ಗೇಟಿನಲ್ಲಿ ಸಾಲು ಸಾಲು ಖಾಲಿ ಕುರ್ಚಿಗಳಿದ್ದವು. ಈ ನೂಕುನುಗ್ಗಲಿಗೆ ಕಾರಣ ಇದೆ. 1939ರಲ್ಲಿ ಅಮೆರಿಕನ್ ಏರ್‌ಲೈನ್ಸ್ ನ್ಯೂಯಾರ್ಕಿನ ಲಾಗಾರ್ಡಿಯಾದಲ್ಲಿ ಅಡ್ಮಿರಲ್ಸ್ ಕ್ಲಬ್ ಅನ್ನುವ ತನ್ನ ಲೌಂಜ್ ತೆರೆದಾಗ, ಕಂಪನಿಯೇ ಕರೆದ ಕೆಲವರಿಗೆ ಮಾತ್ರ ಒಳಗೆ ಪ್ರವೇಶ. 1992ರಲ್ಲಿ ಪ್ರಯಾರಿಟಿ ಪಾಸ್ ಅನ್ನುವ ಲೌಂಜ್ ಸದಸ್ಯತ್ವ ಬಂತು. ಯಾವ ಏರ್‌ಲೈನ್, ಯಾವ ಕ್ಲಾಸ್ ಟಿಕೆಟ್ ಅಂತ ನೋಡದೆ ಸದಸ್ಯರನ್ನು ಒಳಗೆ ಬಿಡುವ ವ್ಯವಸ್ಥೆ ಬೆಳೆಯಿತು. ಆಮೇಲೆ ಕ್ರೆಡಿಟ್ ಕಾರ್ಡ್‌ಗಳು ಇದನ್ನೇ ಉಚಿತ ಸೌಲಭ್ಯ ಅಂತ ಹಂಚಿದವು. ಜನ ಜಾಸ್ತಿಯಾದರು, ಜಾಗ ಅಷ್ಟು ಬೆಳೆಯಲಿಲ್ಲ. ಬೆಳಿಗ್ಗೆ ಮತ್ತು ಸಂಜೆ ವಿಮಾನಗಳು ಒಟ್ಟೊಟ್ಟಿಗೆ ಹೊರಡುವ ಹೊತ್ತಿನಲ್ಲಿ ಲೌಂಜ್‌ಗಿಂತ ಗೇಟೇ ಎಷ್ಟೋ ಸಲ ನೆಮ್ಮದಿ.

ಹಾಗಾದರೆ ಯಾವಾಗ ಹೋಗಬೇಕು?

ನಡುವಿನ ಊರಲ್ಲಿ ಇಡೀ ರಾತ್ರಿ ಕಾಯಬೇಕಾದಾಗ ಖಂಡಿತ ಹೋಗಿ. ಒಂಬತ್ತು ಗಂಟೆಯ ಅಂಥದೊಂದು ಕಾಯುವಿಕೆಯಲ್ಲಿ ನಾನು ಮೊದಲ ಆರು ಗಂಟೆ ಗೇಟಿನ ಬಳಿ ಕಳೆದು, ಕೊನೆಯ ಮೂರು ಗಂಟೆಗೆ ಲೌಂಜ್ ಹೊಕ್ಕೆ. ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ಬದಲಿಸಿದೆ, ಹೊಟ್ಟೆ ತುಂಬಾ ತಿಂದೆ, ಕಾಲು ಚಾಚಿ ಒಂದು ಗಂಟೆ ಮಲಗಿದೆ. ನಿಜವಾದ ಉಳಿತಾಯ ಆಮೇಲೆ ಗೊತ್ತಾಯಿತು. ಬೆಳಗಿನ ಜಾವ ಇಳಿದಾಗ ಹೋಟೆಲ್ ರೂಮ್ ಸಿಗಲು ಮಧ್ಯಾಹ್ನ ಆಗಬೇಕಿತ್ತು. ಸ್ನಾನ ಆಗಿತ್ತಲ್ಲ, ಬ್ಯಾಗ್ ಅಲ್ಲಿಟ್ಟು ನೇರ ಊರು ನೋಡಲು ಹೊರಟೆ. ಇಲ್ಲದಿದ್ದರೆ ಸುಮ್ನೆ ಒಂದು ರಾತ್ರಿಯ ಬಾಡಿಗೆ ಜಾಸ್ತಿ ಕೊಡಬೇಕಾಗುತ್ತಿತ್ತು. ಮೂರು ಗಂಟೆ ಅಂತ ಹೇಳಿದ್ದಕ್ಕೂ ಕಾರಣ ಇದೆ: ಬಹಳಷ್ಟು ಲೌಂಜ್‌ಗಳು ಒಬ್ಬರನ್ನು ಎರಡು ಅಥವಾ ಮೂರು ಗಂಟೆಗಿಂತ ಹೆಚ್ಚು ಹೊತ್ತು ಕೂರಿಸುವುದಿಲ್ಲ, ಒಮ್ಮೆ ಹೊರಗೆ ಬಂದರೆ ಮತ್ತೆ ಬಿಡುವುದೂ ಇಲ್ಲ. ಎಲ್ಲ ಕಡೆ ಶವರ್ ಇರುವುದಿಲ್ಲ, ಕೆಲವು ಕಡೆ ಅದಕ್ಕೆ ಬೇರೆ ದುಡ್ಡು. ಕೇಳಿಕೊಂಡೇ ಕಟ್ಟಿ.

ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದು ಮೂರು ನಾಲ್ಕು ಗಂಟೆ ಕಾಯಬೇಕಾದಾಗಲೂ ನಾನು ಲೆಕ್ಕ ನೋಡುವುದಿಲ್ಲ. ಮೆತ್ತನೆ ಕುರ್ಚಿ, ಹತ್ತಿರದಲ್ಲೇ ಟಾಯ್ಲೆಟ್, ಅವರಿಗೆ ಅದು ದೊಡ್ಡದು.

ವಿಮಾನ ತಡವಾದರೆ ಮಾತ್ರ ಲೌಂಜ್‌ಗೆ ಓಡಬೇಡಿ. ಮೊದಲು ಏರ್‌ಲೈನ್ ಕೌಂಟರಿಗೆ ಹೋಗಿ ಕೇಳಿ. ಯುರೋಪಿನ ಒಕ್ಕೂಟದ ದೇಶಗಳಿಂದ ಹೊರಡುವ ವಿಮಾನಗಳಿಗೆ 261/2004 ಅನ್ನುವ ನಿಯಮ ಇದೆ. ದೂರ 1500 ಕಿಲೋಮೀಟರ್ ಒಳಗಿದ್ದು ಎರಡು ಗಂಟೆ ತಡವಾದರೂ ಊಟ ತಿಂಡಿ ಕೊಡುವುದು ಏರ್‌ಲೈನ್‌ನ ಹೊಣೆ. ಕೇಳದವರಿಗೆ ಎಷ್ಟೋ ಸಲ ಸಿಗುವುದಿಲ್ಲ, ಅದಕ್ಕೇ ನಾಚಿಕೆ ಬಿಟ್ಟು ಕೇಳಿ.

ವರ್ಷದ ಸದಸ್ಯತ್ವದ ಬಗ್ಗೆ ಹೇಳುವುದಾದರೆ, ಎರಡು ಮೂರು ಪ್ರಯಾಣಕ್ಕೆ ಅದು ಬೇಡವೇ ಬೇಡ. ಪ್ರಯಾರಿಟಿ ಪಾಸ್‌ನ ಸ್ಟ್ಯಾಂಡರ್ಡ್ ಯೋಜನೆಯಲ್ಲಿ ವರ್ಷದ ಫೀ ಕಟ್ಟಿದ ಮೇಲೂ ಪ್ರತಿ ಭೇಟಿಗೆ ಬೇರೆ ದುಡ್ಡು ಕೊಡಬೇಕು, ಇದನ್ನು ಗಮನಿಸದೆ ತಗೊಂಡವರಿದ್ದಾರೆ. ಲೌಂಜ್ ಸೌಲಭ್ಯದ ಕ್ರೆಡಿಟ್ ಕಾರ್ಡ್ ಈಗಾಗಲೇ ಇದ್ದರೆ ಬಳಸಿ, ಲೌಂಜ್‌ಗೋಸ್ಕರ ಹೊಸ ಕಾರ್ಡ್ ಬೇಡ. ಇರುವ ಕಾರ್ಡಿನಲ್ಲೂ ವರ್ಷಕ್ಕೆ ಎಷ್ಟು ಭೇಟಿ, ಅದಕ್ಕೆ ಮೊದಲು ಇಂತಿಷ್ಟು ಖರ್ಚು ಮಾಡಿರಬೇಕಾ, ಜೊತೆಗೆ ಬಂದವರ ದುಡ್ಡು ಆಮೇಲೆ ಬಿಲ್ಲಿನಲ್ಲಿ ಬರುತ್ತದಾ ಅಂತ ನೋಡಿಕೊಳ್ಳಿ.

ಉಳಿದ ದಿನಗಳಿಗೆ ನನ್ನ ಬ್ಯಾಗಿನಲ್ಲಿ ಮೂರು ಸಾಮಾನು ಇರುತ್ತವೆ: ಸೆಕ್ಯುರಿಟಿ ದಾಟಿದ ಮೇಲೆ ತುಂಬಿಸಿಕೊಳ್ಳಲು ಖಾಲಿ ಬಾಟಲಿ, ಒಣ ತಿಂಡಿಯ ಡಬ್ಬಿ, ಇಯರ್‌ಫೋನ್. ಕೂರುವುದು ಜನ ಹತ್ತಿ ಹೋಗಿ ಖಾಲಿಯಾದ ಗೇಟಿನ ಬಳಿ. ಅಲ್ಲಿ ಚಾರ್ಜಿಂಗ್ ಪಾಯಿಂಟೂ ಬಿಡುವಾಗಿರುತ್ತದೆ.